ಕಂಬಳಿ ಮರೆಯ ಬಾಯಿ

ಮುನಿವೆಂಕಟಪ್ಪ ಸಿನಿಮಾ ಟೆಂಟಿನೊಳಗೆ ಮುಂದಿನ ಬೆಂಚಿನಲ್ಲಿ ಕೂತು, ತೊಡೆಯ ಮೇಲಿನ ಟವೆಲಿನಡಿ ಹುಣಿಸೆ ಬರಲನ್ನು ಸವರುತ್ತಿದ್ದ. ಆಟ ಮುಗಿದು ದೀಪ ಹತ್ತಲಿ, ಇಡೀ ಆವತಿ ಊರಿನ ಕಣ್ಣೆದುರೇ ಪಾಪಯ್ಯನ ಬೆನ್ನು ಸುಲಿಯಬೇಕು. ಕತ್ತಲಲ್ಲಿ ಹೊಡೆದರೆ ಯಾರು ನೋಡುತ್ತಾರೆ?

ತೆರೆಯ ಮೇಲೆ ತೆಲುಗು ಸಿನಿಮಾ. ಮನೆಮಂದಿಯೆಲ್ಲ ಕೂತು ನಗುವಂಥ ಪ್ರೇಮದ ಕಥೆ: ಜಿಪುಣ ಅಪ್ಪ, ಅವನ ಒಬ್ಬಳೇ ಮಗಳು, ಅಡುಗೆಯವನ ವೇಷದಲ್ಲಿ ಮನೆ ಹೊಕ್ಕ ಹುಡುಗ. ಸಂತೆಯ ತೆಲುಗು ಊರಲ್ಲಿ ಹಲವರಿಗೆ ಬರುತ್ತಿತ್ತು, ಸಿನಿಮಾದವರ ಓಟದ ತೆಲುಗು ಬರುತ್ತಿರಲಿಲ್ಲ. ಅದಕ್ಕೇ ತೆರೆಯ ಪಕ್ಕ, ಕಂಬಳಿ ಮರೆಯಲ್ಲಿ ಮೈಕು ಹಿಡಿದು ಕನ್ನಡದಲ್ಲಿ ಹೇಳುವ ಕೆಲಸ ಪಾಪಯ್ಯನಿಗೆ. ಹೀರೋ, ಹೀರೋಯಿನ್, ಮುದುಕ, ಎಲ್ಲರಿಗೂ ಅವನದೇ ಬಾಯಿ. ಆ ಒಡಕು ಲೌಡ್‌ಸ್ಪೀಕರಿನಲ್ಲಿ ಯಾರು ಮಾತಾಡಿದರೂ ತಗಡು ಬಡಿದಂತೆ ಕೇಳುತ್ತಿತ್ತು.

ಪಾಪಯ್ಯ ಹೆಣ್ಣು ಕೇಳಲು ಬಂದಾಗ ಮುನಿವೆಂಕಟಪ್ಪ ಚಪ್ಪಲಿ ತೋರಿಸಿ ಅಟ್ಟಿದ್ದ. ಮಗಳು ಅನುಸೂಯಳನ್ನು ಹೊಸಕೋಟೆಯಲ್ಲಿ ಹೆಂಡತಿ ಸತ್ತ ಸಾಹುಕಾರನೊಬ್ಬನಿಗೆ, ಎರಡನೇ ಸಂಬಂಧಕ್ಕೆ, ಗೊತ್ತುಮಾಡಿಯಾಗಿತ್ತು. ಆ ಸೇಡನ್ನು ಪಾಪಯ್ಯ ಮೈಕಿನಲ್ಲಿ ತೀರಿಸಿಕೊಳ್ಳುತ್ತಿದ್ದಾನೆಂದು ಸುದ್ದಿ ತಂದವಳು ಮುನಿವೆಂಕಟಪ್ಪನ ತಾಯಿ ಪಿಳ್ಳಮ್ಮ. ಹಿಂದೂಪುರದ ಕಡೆಯ ಹೆಣ್ಣು. ತೆಲುಗು ಸಿನಿಮಾ ಬಂದರೆ ಬಿಡುವವಳಲ್ಲ.

“ಟೆಂಟಲ್ಲಿ ನಿನ್ ಮಾನ ಹರಾಜಾಗ್ತೈತೆ, ನೀನು ಎಮ್ಮೆ ಥರ ಬಿದ್ಕೊಂಡಿದೀಯ. ಹೋಗಿ ನೀನೇ ಕೇಳು. ಹುಡುಗೀನ ನಾನು ಕಾಯ್ತೀನಿ.”

ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ತಾಯಿಗೆ ಕೊಟ್ಟು ಬಂದಿದ್ದ.

“ಈ ಮುದಿಗೂಬೆ ಮಗಳನ್ನ ಹೊಸಕೋಟೆಗೆ ಸಾಗಾಕ್ತವ್ನಂತೆ!” ಎಂದು ಮೈಕು ಕೂಗಿತು.

ತೆಲುಗು ಸಿನಿಮಾದೊಳಗೆ ಹೊಸಕೋಟೆ ಎಲ್ಲಿಂದ ಬರಬೇಕು? ಟೆಂಟು ಗೊಳ್ಳೆಂದಿತು. ಮುನಿವೆಂಕಟಪ್ಪ ಹಲ್ಲು ಕಡಿದ. ಬೊಗಳು ಮಗನೇ. ನಿನ್ನ ಬಾಯಿ ಇಲ್ಲಿರುವವರೆಗೂ ನನ್ನ ಮಗಳು ಕ್ಷೇಮ.

ಮಧ್ಯಂತರದಲ್ಲಿ ಪಾಪಯ್ಯ ಟೀ ಕುಡಿಯುತ್ತ ಎದುರಾದ. ತಗ್ಗಿ ಕೈ ಮುಗಿದ.

“ಕೊನೇವರ್ಗೂ ಇರಿ ಯಜಮಾನ್ರೇ. ಮುಂದೈತೆ ಮಜಾ.”

“ಇರ್ತೀನಿ ಕಣೋ. ನಿನ್ನ ನೋಡ್ಕೊಳ್ದೆ ಹೋಗಲ್ಲ.”

ಮತ್ತೆ ಕತ್ತಲಾಯಿತು. ಮೈಕಿನ ದನಿ ಗೊಗ್ಗರಾಗಿತ್ತು. ಕೂಗಿ ಕೂಗಿ ಗಂಟಲು ಕಟ್ಟಿದೆ, ಒಳ್ಳೆಯದೇ ಆಯಿತು ಎಂದುಕೊಂಡ. ಮಾತು ಮಾತ್ರ ಮೊದಲಿಗಿಂತ ಹರಿತ.

“ಈವಯ್ಯ ಬೆಲ್ಲದ ಗಡಿಗೇನೂ ಪೆಟ್ಟಿಗೇಲಿಟ್ಟು ಬೀಗ ಹಾಕ್ತಾನೆ! ಹಲ್ಲಿ ಕಂಡ್ರೆ ಮಂಚ ಹತ್ತಿ ಕುಣೀತಾನೆ!”

ಹೆಂಗಸರ ಕಡೆ ನಕ್ಕೂ ನಕ್ಕೂ ಸುಸ್ತಾದರು. ಮುನಿವೆಂಕಟಪ್ಪನ ಮೈ ಉರಿದುಹೋಯಿತು. ಹಲ್ಲಿಯ ಸಂಗತಿ ಮನೆಯವರಿಗಲ್ಲದೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮಗಳೇ ಇವನಿಗೆ ಹೇಳಿಕೊಟ್ಟಿದ್ದಾಳೆ! ಮನೆಗೆ ಹೋದ ಮೇಲೆ ಅವಳಿಗೂ ಇದೇ ಬರಲು.

ತೆರೆಯ ಮೇಲೆ ಹುಡುಗ ಹುಡುಗಿಗೆ ತಾಳಿ ಕಟ್ಟಿದ. ದೀಪ ಹತ್ತಿತು. ಮುನಿವೆಂಕಟಪ್ಪ ಬರಲು ಎತ್ತಿಕೊಂಡು ನುಗ್ಗಿ, ಕಂಬಳಿಯನ್ನು ಕಿತ್ತೆಸೆದ.

ಮೈಕಿನ ಮುಂದೆ ಅವನ ತಾಯಿ ಕೂತಿದ್ದಳು.

“ಹೊಡಿಯೋ,” ಎಂದಳು ಪಿಳ್ಳಮ್ಮ, ಮೈಕು ಕೆಳಗಿಡದೆ. “ಅವರಿಬ್ರು ಹತ್ತಿದ ಬಸ್ಸು ಆಗ್ಲೇ ಯಲಹಂಕ ದಾಟಿರ್ತೈತೆ. ನಿಮ್ಮಪ್ಪನಿಗೆ ನನ್ನ ಎರಡನೇ ಸಂಬಂಧಕ್ಕೆ ಕೊಟ್ಟಾಗ ಬಾಗಿಲು ತೆಗೆಯೋರು ಒಬ್ರೂ ಇರ್ಲಿಲ್ಲ ಕಣೋ.”