ಸಂಖ್ಯೆ ಇಲ್ಲದ ಹಾಳೆ

ನೂರ ಹನ್ನೆರಡು ಹಾಳೆಗಳಲ್ಲಿ ಒಂದಕ್ಕೆ ಮಾತ್ರ ಸಂಖ್ಯೆ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟ ಹಾಳೆಯೂ ಅದೇ.

ಡಾಕ್ಟರಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿಜಕ್ಕೂ ಅವಳು ಡಾಕ್ಟರಲ್ಲ. ಕಲ್ಲು ಪುಡಿ ಮಾಡುವ ಈ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶದ ಅಧ್ಯಯನಕ್ಕೆ ಆರು ವರ್ಷದಿಂದ ಮಾಹಿತಿ ಬರೆದುಕೊಳ್ಳುವವಳು. ಒಬ್ಬೊಬ್ಬರನ್ನೂ ಕೊಳವೆಗೆ ಊದಿಸುವುದು, ಯಂತ್ರ ಗೆರೆ ಎಳೆದ ಹಾಳೆಗೆ ಹೆಸರಿನ ಬದಲು ಸಂಖ್ಯೆ ಬರೆದು ಫೈಲಿಗೆ ಸೇರಿಸುವುದು, ಇಷ್ಟೇ. ಆದರೂ ಆ ಹೆಸರು ಅಂಟಿಕೊಂಡುಬಿಟ್ಟಿತ್ತು.

ಗಟ್ಟಿ ಎದೆಯವರ ಗೆರೆ ಸರ್ರನೆ ಮೇಲಕ್ಕೆ ಏರುತ್ತದೆ. ಈ ಗೆರೆ ಏಳುವ ಮೊದಲೇ ಸುಸ್ತಾಗಿ ಮಲಗಿತ್ತು. ಇವನು ಇನ್ನೊಂದು ವರ್ಷ ಇದೇ ಧೂಳು ಕುಡಿದರೆ ಬದುಕುವುದು ಕಷ್ಟ.

ಹಾಳೆ ಮುದುಡಿತ್ತು, ಯಾರೋ ಕೈಯಿಂದ ಸವರಿ ನೆಟ್ಟಗೆ ಮಾಡಿದ್ದರು. ಮೂಲೆಯಲ್ಲಿ ಯಂತ್ರವೇ ಒತ್ತಿದ ಸಮಯ: ಬೆಳಗ್ಗೆ ಎಂಟು ಹತ್ತು. ಕೆಲಸಗಾರರು ಊದಲು ಬರುವುದು ಒಂಬತ್ತಕ್ಕೆ. ಕೆಲಸ ಹೋದೀತೆಂಬ ಭಯಕ್ಕೆ, ತಾನು ಚಹಾಕ್ಕೆ ಹೋದ ಹೊತ್ತು ನೋಡಿ ಯಾರೋ ಕದ್ದು ಬಂದು ಊದಿ, ಗೆರೆ ಕಂಡು ಎದೆ ಒಡೆದು, ಮುದುಡಿ ಎಸೆದಿರಬೇಕು. ಅವಳಿಗೆ ಸಂಕಟವಾಯಿತು, ಸಿಟ್ಟೂ ಬಂತು. ಹೆದರಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದಳು.

ಪರೀಕ್ಷೆಯ ಕೋಣೆಯ ಇನ್ನೊಂದು ಕೀಲಿ ಇದ್ದದ್ದು ಗುಡಿಸುವ ಮುದುಕನ ಬಳಿ. ಮೂವತ್ತು ವರ್ಷ ಗಿರಣಿಯ ಬಾಯಲ್ಲಿ ನಿಂತವನು. ಉಸಿರು ಕೈಕೊಟ್ಟ ಮೇಲೆ ಪೊರಕೆ ಹಿಡಿದಿದ್ದ. ಮೆಟ್ಟಿಲುಗಳಿಗೆ ಹಿಡಿಶಾಪ ಹಾಕುತ್ತಾ ಎರಡು ಮಹಡಿ ಹತ್ತಿ ಅವಳು ಅವನನ್ನು ಹಿಡಿದಳು.

“ಅಜ್ಜಾ, ಇದು ನಿಮ್ಮದಾ?”

“ನಂದಲ್ಲಮ್ಮ. ನಂದು ಇದಕ್ಕಿಂತ ವಾಸಿ.” ಮುದುಕ ಪೊರಕೆ ಗೋಡೆಗೆ ಒರಗಿಸಿದ. “ಬುಟ್ಟಿಯಿಂದ ತೆಗೆದು ಫೈಲಲ್ಲಿ ಇಟ್ಟವನು ಮಾತ್ರ ನಾನೇ.”

“ಯಾರದು ಹೇಳಿ. ಜೀವದ ಪ್ರಶ್ನೆ ಇದು.”

“ಯಾರ ಹೆಸರೂ ಬಾಯಿಬಿಡಬಾರದು ಅಂತ ನೀವೇ ಕಟ್ಟಪ್ಪಣೆ ಮಾಡಿದ್ದೀರಲ್ಲ.”

“ಯಾವ ವಿಭಾಗ? ಅಷ್ಟಾದರೂ ಹೇಳಿ.”

“ಎಲ್ಲಾ ಕಡೆ ತಿರುಗ್ತಾರೆ. ಮಾಸ್ಕ್ ಹಾಕ್ಕೊಳ್ಳಿ ಅಂತ ನಮ್ಮನ್ನ ಗದರಿಸ್ತಾರೆ. ತಾವು ಹಾಕ್ಕೊಳ್ಳಲ್ಲ.”

ಮುದುಕನ ಕಣ್ಣು ತುಂಬಿತ್ತು. ಧೂಳು ಬಿದ್ದಿರಬೇಕು ಎಂದುಕೊಂಡಳು.

ಸೂಪರ್‌ವೈಸರ್! ಅವಳಿಗೆ ತಟ್ಟನೆ ಹೊಳೆಯಿತು. ಊದಲು ಕರೆದಾಗಲೆಲ್ಲ ‘ನನಗೇನು ದಾಡಿ’ ಎಂದು ಜಾರಿಕೊಳ್ಳುತ್ತಿದ್ದ ಮಹಾನುಭಾವ.

“ಗೊತ್ತಾಯ್ತು ಬಿಡಿ. ನಾಳೆ ಮೊದಲು ಅವರದ್ದೇ ಪರೀಕ್ಷೆ.”

“ಹಾಗೇ ಮಾಡಿ ತಾಯಿ. ಗೆರೆ ಮಾತ್ರ ಸರಿಯಾಗಿ ನೋಡಿ.”

ಮರುದಿನ ಒಂಬತ್ತಕ್ಕೆ ಬರುವಂತೆ ಸೂಪರ್‌ವೈಸರ್‌ಗೆ ಚೀಟಿ ಕಳಿಸಿದಳು. ತಾನು ಎಂದಿನಂತೆ ಎಂಟಕ್ಕೇ ಬಂದಳು. ಮೇಜು ಒರೆಸಿ, ಸ್ವಿಚ್ ಒತ್ತಿ, ಹೊಸ ಕೊಳವೆ ಸಿಕ್ಕಿಸಿದಳು. ಯಂತ್ರ ನಡೆಯುತ್ತಿದೆಯೇ ಎಂದು ತಿಳಿಯಲು, ದಿನವೂ ಮಾಡುವಂತೆ, ತಾನೇ ಒಮ್ಮೆ ಊದಿದಳು. ಹಾಳೆ ಹೊರಬಂತು. ದಿನವೂ ಮಾಡುವಂತೆ, ನೋಡದೆಯೇ ಅದನ್ನು ಮುದುಡಿ ಬುಟ್ಟಿಯತ್ತ ಕೈ ಎತ್ತಿದವಳು, ಸೂಪರ್‌ವೈಸರ್ ಬರಲು ಇನ್ನೆಷ್ಟು ಹೊತ್ತು ಎಂದು ಗೋಡೆಯ ಗಡಿಯಾರ ನೋಡಿದಳು.

ಎಂಟು ಹತ್ತು.