ಕೂತು ತಿನ್ನುವ ಬ್ಯಾಟರಿ

“ಗಂಟ್ಲು ಸರಿಯಿಲ್ದಿದ್ರೆ ಬಿಸಿನೀರು ಕುಡಿಯಮ್ಮ! ನನ್ ಪೆಟ್ಟಿಗೆ ಮೇಲೆ ಯಾಕ್ ಆಕ್ತೀಯ?” ಎಂದು ನಾನು ಚಪ್ಪರ ಹಾರಿಹೋಗುವಂತೆ ಕೂಗಿದೆ. ಅಷ್ಟು ಕೂಗಲು ನನಗೆ ಮೈಕು ಬೇಕಿರಲಿಲ್ಲ.

“ನಲವತ್ತು ವರ್ಸದಿಂದ ಸೋಬಾನೆ ಯೋಳ್ತಾ ಇವ್ನಿ ಕಣ್ಲಾ ತಿಮ್ಮಯ್ಯ,” ಎಂದಳು ಚಿಕ್ಕಬೋರಮ್ಮ. “ನಿನ್ ಮದ್ವೇಲಿ ನಿನ್ ಎಂಡ್ರುನ ಅಳಿಸಿದ್ದೂ ಇದೇ ಗಂಟ್ಲು. ನಿನ್ನಂಥೋನು ಸಿಕ್ದ ಅಂತ್ಲೂ ಅತ್ತಿರ್ಬೋದು, ಬುಡು.”

ಹೆಂಗಸರೆಲ್ಲ ನಕ್ಕರು. ನನಗೆ ಇನ್ನಷ್ಟು ರೇಗಿತು.

ಹಲಗೂರಿನಲ್ಲಿ ದೊಡ್ಡಸಿದ್ದಯ್ಯನವರ ಮಗಳ ಮದುವೆ. ಧಾರೆಗೆ ಒಂದು ಗಳಿಗೆ ಉಳಿದಿತ್ತು. ಮೂವತ್ತೆಂಟನೇ ಇಸವಿ, ಅಲ್ಲಿದ್ದವರು ಯಾರೂ ಮೈಕು ಕಂಡಿರಲಿಲ್ಲ. ಮದ್ದೂರಿನಲ್ಲಿ ಸೈಕಲ್ಲು, ಗ್ರಾಮಾಫೋನು ರಿಪೇರಿ ಮಾಡಿಕೊಂಡಿದ್ದ ನಾನು, ಮೈಸೂರಿನ ರೇಡಿಯೋ ಅಂಗಡಿಯವರೊಬ್ಬರು ಬರೆದುಕೊಟ್ಟ ನಕ್ಷೆ ನೋಡಿಕೊಂಡು ವಾಲ್ವು ಎನ್ನುವ ಮೂರು ಗಾಜಿನ ಬುರುಡೆಗಳ ಪೆಟ್ಟಿಗೆಯೊಂದನ್ನು ಕಟ್ಟಿದ್ದೆ. ಮೈಕಿನಲ್ಲಿ ಆಡಿದ್ದನ್ನು ಅದು ದೊಡ್ಡದು ಮಾಡಿ, ಹೊಂಗೆ ಮರಕ್ಕೆ ಕಟ್ಟಿದ ತಗಡಿನ ಹಾರನ್ನಿಗೆ ಕಳಿಸುತ್ತಿತ್ತು. ಚಪ್ಪರದಲ್ಲಿ ಕರೆಂಟಿಲ್ಲ, ಎಲ್ಲ ಬ್ಯಾಟರಿಯ ಮೇಲೇ ನಡೆಯಬೇಕು. ಈ ಮದುವೆ ಗೆದ್ದರೆ ಮಳವಳ್ಳಿ, ಮಂಡ್ಯದ ಮದುವೆಗಳೆಲ್ಲ ನನ್ನವೇ ಎಂದು ವಾರದಿಂದ ಕಂಡಕಂಡವರಿಗೆ ಹೇಳಿಕೊಂಡಿದ್ದೆ. ಆದರೆ ಚಿಕ್ಕಬೋರಮ್ಮ ಬಾಯಿ ತೆರೆದೊಡನೆ ಹಾರನ್ನಿನಿಂದ ಬಂದದ್ದು ತಗಡಿನ ಮೇಲೆ ಜಲ್ಲಿ ಎಳೆದಂಥ ಸದ್ದು.

“ನೋಡು,” ಎಂದು ಮೈಕು ಕಿತ್ತುಕೊಂಡು ಮೆಲ್ಲಗೆ “ಹಲೋ, ಹಲೋ” ಎಂದೆ. ಬೆಣ್ಣೆಯ ಹಾಗೆ ಕೇಳಿಸಿತು. “ಯಂತ್ರಕ್ಕೆ ದಾಕ್ಸಿಣ್ಯ ಇಲ್ಲ ಕಣಮ್ಮ. ಗಂಟ್ಲಲ್ಲಿ ಏನೈತೋ ಅದನ್ನೇ ದೊಡ್ಡದು ಮಾಡಿ ಯೋಳ್ತದೆ.”

ಈ ಮಾತು ನನಗೇ ಬಹಳ ಹಿಡಿಸಿತು. ಇನ್ನೊಂದು ಸಲ ಹೇಳಿದೆ.

ಚಿಕ್ಕಬೋರಮ್ಮ ಜಗಳ ನಿಲ್ಲಿಸಿದಳು. ಮೈಕನ್ನು ಮತ್ತೆ ಕೈಗೆ ತೆಗೆದುಕೊಂಡು, ಹಾರನ್ನಿನ ಕಡೆ ಮುಖ ಮಾಡಿ ಒಂದೇ ಒಂದು ಸಾಲು ಎತ್ತಿದಳು. ಮತ್ತೆ ಅದೇ ಜಲ್ಲಿ. ತನ್ನ ದನಿ ತನ್ನಿಂದ ಆಚೆ ನಿಂತು ಕೂಗುವುದನ್ನು ಅವಳು ಹುಟ್ಟಿದ ಮೇಲೆ ಕೇಳಿದ್ದು ಅಂದೇ ಮೊದಲು. ಕೈ ತಾನಾಗಿ ಕೊರಳಿಗೆ ಹೋಯಿತು.

“ಇಷ್ಟು ವರ್ಸ ನೀವೆಲ್ಲ ಕೇಳ್ತಿದ್ದುದು ಇದನ್ನೇ ಏನ್ರವ್ವಾ?”

ಈ ಸಲ ಯಾರೂ ನಗಲಿಲ್ಲ. ಮದುಮಗಳ ಸೋದರತ್ತೆ ಇಂದ್ರಮ್ಮ “ಅಂಗೇನಿಲ್ಲ ಬುಡಕ್ಕ...” ಎಂದು ಶುರುಮಾಡಿ, ಹಾರನ್ನಿನ ಕಡೆ ನೋಡಿ ಸುಮ್ಮನಾದಳು. ಯಂತ್ರವೇ ಹಾಗೆ ಹೇಳುವಾಗ ತನ್ನ ಕಿವಿಯನ್ನು ನಂಬುವ ಧೈರ್ಯ ಯಾರಿಗಿತ್ತು?

“ಮಗೀನ ಧಾರೆಗೆ ಇಂಥ ದನಿ ಬ್ಯಾಡ. ಬ್ಯಾರೆ ಯಾರಾರ ಯೋಳ್ಲಿ,” ಎಂದು ಎಲೆ ಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಕ್ಕಬೋರಮ್ಮ ಚಪ್ಪರದಿಂದಾಚೆ ನಡೆದಳು. ನಾನು ತಡೆಯಲಿಲ್ಲ. ಗೆದ್ದಿದ್ದೆನಲ್ಲ!

ಹಾರನ್ನು ಕಟ್ಟಲು ನನ್ನ ಜೊತೆ ಬಂದಿದ್ದ ಅಂಗಡಿಯ ಪಾಲುದಾರ ಪುಟ್ಟರಾಜು ಅಷ್ಟರಲ್ಲಿ ಮರದಿಂದಿಳಿದು ಬಂದು ಪೆಟ್ಟಿಗೆಯ ಹಿಂದೆ ಕೈಹಾಕಿ ನೋಡಿದ. “ಲೇ ತಿಮ್ಮ, ದೊಡ್ಡ ಬ್ಯಾಟರಿ ಕಾವಾಗೈತೆ ಕಣ್ಲಾ. ಅದರ ಪಕ್ಕ ಇರ್ಬೇಕಾದ ಚಿಕ್ಕ ಬ್ಯಾಟರಿ ಎಲ್ಲಿ?”

“ಅಂಗಡೀಲೈತೆ. ಅದ್ರಿಂದ ಕರೆಂಟು ಹರೀತದಾ ಅಂತ ಮೀಟರ್ ಇಟ್ಟು ನೋಡಿದೆ, ಸೂಜಿ ಅಲ್ಲಾಡ್ಲಿಲ್ಲ. ಒಂದಿಷ್ಟೂ ಕೆಲ್ಸ ಮಾಡ್ದೆ ಕೂತು ತಿನ್ನೋದು ಅದು. ಕಿತ್ತಾಕ್ದೆ.”

“ಥೂ ನಿನ್ನ! ಅದು ಸುಮ್ಕೆ ಕೂತಿರೋದ್ರಿಂದ್ಲೇ ವಾಲ್ವುಗಳು ಅದ್ದುಬಸ್ತಲ್ಲಿರೋದು. ನಕ್ಸೇಲಿ ಬರ್ದಿರ್ಲಿಲ್ವಾ? ಅದಿಲ್ದಿದ್ರೆ ಮೆತ್ತಗಿನ ಮಾತು ದಾಟ್ತದೆ, ದನಿ ಎತ್ತಿದ್ರೆ ಅರ್ದೋಯ್ತದೆ. ದೊಡ್ಡ ಬ್ಯಾಟರೀನೂ ಬರಿದಾಯ್ತದೆ.”

ಬರೆದಿತ್ತು. ಮೈಸೂರಿನವರಿಗೆ ಓದು ಹೆಚ್ಚಾಗಿ ಮಂಕು ಹಿಡಿದಿದೆ ಎಂದುಕೊಂಡು ನಾನೇ ಅದರ ಮೇಲೆ ಗೀಟು ಎಳೆದಿದ್ದೆ. ಎಷ್ಟೆಂದರೂ ಊರ ಶಾಲೆಯಲ್ಲಿ ನಾಲ್ಕನೇ ತರಗತಿ ಪಾಸು ಮಾಡಿದವನು.

ಪುಟ್ಟರಾಜು ದೊಡ್ಡಸಿದ್ದಯ್ಯನವರ ಟಾರ್ಚು ಬಿಚ್ಚಿ, ಮೂರು ಸೆಲ್ಲುಗಳನ್ನು ಒಂದರ ಹಿಂದೊಂದು ಕಟ್ಟಿ, ಚಿಕ್ಕ ಬ್ಯಾಟರಿಯ ಖಾಲಿ ಜಾಗಕ್ಕೆ ತಂತಿ ಕೊಟ್ಟ. ಆಮೇಲೆ ಮೈಕಿನ ಮುಂದೆ ಹೋರಿಯ ಹಾಗೆ ಅರಚಿದ. ಒಂದು ಬಿರುಕಿಲ್ಲದೆ ಬಂತು. ಇಂದ್ರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು “ಅಯ್ಯೋ, ಕರೀರಪ್ಪ ಆಯಮ್ಮನ” ಎಂದಳು. ಚಿಕ್ಕಬೋರಮ್ಮ ಆಗಲೇ ಕೆರೆ ಏರಿ ಹತ್ತಿದ್ದಳು. ಹಸಿರು ಸೀರೆ ಇಷ್ಟೇ ಇಷ್ಟು ಕಾಣುತ್ತಿತ್ತು.

“ಯೋಳು,” ಎಂದು ಪುಟ್ಟರಾಜು ಮೈಕನ್ನು ನನ್ನ ಮೂತಿಗೆ ಹಿಡಿದ.

ಮಾತಿಗೆ ಎಂದೂ ತಡವರಿಸದವನು ನಾನು. ತಪ್ಪು ನನ್ನದೇ ಎಂದು ನಾಲಿಗೆಯ ಮೇಲೆ ಬಂದದ್ದನ್ನು ನುಂಗಿಕೊಂಡು, “ಬೋರಕ್ಕ, ಪೆಟ್ಟಿಗೆ ಈಗ ಸರಿಯಾಗೈತೆ, ಬಾರಮ್ಮ” ಎಂದೆ. ಒಂದಕ್ಷರವೂ ಒಡೆಯದೆ ಮಾತು ಏರಿಯವರೆಗೆ ಹೋಯಿತು. ಏರಿಯ ಮೇಲೆ ಅವಳು ನಿಂತಳು. ನಿಂತು, ಕೊರಳು ಮುಚ್ಚುವಂತೆ ಸೆರಗು ಸುತ್ತಿಕೊಂಡು ಮುಂದಕ್ಕೆ ನಡೆದಳು.

“ಪೆಟ್ಟಿಗೆ ಸರಿಯಾಗೈತೆ ಅಂದ್ಯಲ್ಲೋ ಮುಂಡೇದೆ,” ಎಂದ ಪುಟ್ಟರಾಜು. “ಆಯಮ್ಮನ ಗಂಟ್ಲು ಮೊದ್ಲಿಂದ್ಲೂ ಸರಿಯಾಗಿತ್ತು ಅನ್ಬೇಕಾಗಿತ್ತು.”

ಮತ್ತೆ ಬಾಯಿ ತೆರೆದೆ. ಏರಿಯ ಮೇಲೆ ಯಾರೂ ಇರಲಿಲ್ಲ. ನಾನು ಉಸಿರು ಬಿಡುವುದನ್ನು ಮಾತ್ರ ಹಾರನ್ನು ಇಡೀ ಹಲಗೂರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.