ಹೊರಡುವಾಗಿನ ಮಾತು

“ಹ್ವಾಯ್ ಅಕ್ಕ, ವಾಕಿಟಾಕಿ ಕೊಟ್ಟದ್ದ್ ಮಾತಾಡುಕೆ, ಕೈ ಬೆಚ್ಚಗ್ ಮಾಡ್ಕಂಬುಕಲ್ಲ!” ಸ್ವಿಟ್ಜರ್ಲೆಂಡಿನ ಹಿಮದ ಇಳಿಜಾರಿನ ನೆತ್ತಿಯಿಂದ ತಮ್ಮ ರತನ್ ಛೇಡಿಸಿದ. ಕೆಳಗೆ ಬೆಂಚಿನಲ್ಲಿ ಕೂತ ಅಕ್ಷಯಾ ವಾಕಿಟಾಕಿಯನ್ನು ಅಂಗೈಗಳ ನಡುವೆ ಇನ್ನಷ್ಟು ಒತ್ತಿಕೊಂಡಳು. ಅವಳ ಮನಸ್ಸು ಹಗುರಾಗಲೆಂದು ಅವನು ಬೈಂದೂರಿನಿಂದ ಕರೆತಂದು ಎರಡು ದಿನವಾಗಿತ್ತು. ಅವಳಿನ್ನೂ ವಾಕಿಟಾಕಿಯ ಗುಂಡಿಯನ್ನೇ ಒತ್ತಿರಲಿಲ್ಲ.

“ಆಯ್ತ್, ಜಾರುಕೆ ಕಾಲಿಗ್ ಸ್ಕೀ ಕಟ್ಕಂಡೆ. ಹೋತೆ.”

ಅವಳ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು. “ಹೋತೆ ಅಂದ್ ಹೇಳ್ಬೇಡ ಮಾರಾಯ. ಬತ್ತೆ ಅನ್.”

ವಾಕಿಟಾಕಿ ಗರಗರ ಎಂದಿತು. “ಬತ್ತೆ ಅಕ್ಕ.”

ಹೋದ ವರ್ಷ ಮೀನಿಗೆ ಹೊರಟ ಗಂಡ ಮಿಥುನನೂ ಬಾಗಿಲಲ್ಲಿ ನಿಂತು ‘ಬತ್ತೆ’ ಎಂದೇ ಹೇಳಿದ್ದ. ಬೋಟು ಮಗುಚಿ ಅವನು ಮರಳಿರಲಿಲ್ಲ. ಆದರೂ ಅಕ್ಷಯಾ ಎದ್ದು, ಬೆಂಚಿನಲ್ಲಿ ತನ್ನ ಪಕ್ಕ ತಮ್ಮ ಕೂರುವಷ್ಟು ಜಾಗದ ಹಿಮವನ್ನು ಕೈಯಿಂದ ಸರಿಸಿದಳು.